ಮೂಗಿಗೆ ಹಚ್ಚಿದ ವಿಭೂತಿ

ಹೊಳಗುಂದದ ಹತ್ತಿರ ಗುಡ್ಡದ ಹುಲ್ಲಿಗೆ ಬಿದ್ದ ಬೆಂಕಿ ಮೇಲೇನೋ ಆರಿತ್ತು. ಆದರೆ ಅದು ವರ್ಷಗಟ್ಟಲೆ ರಾತ್ರಿ ಕುರಿ ತರುಬಿ ನಿಲ್ಲಿಸಿದ ನೆಲ. ಒಣಗಿದ ಕುರಿಹಿಕ್ಕೆಯ ಪದರದೊಳಗೆ ಬೆಂಕಿ ಹೊಗೆ ಕಾಣಿಸದೆ ಹರಿದಾಡಬಹುದು. ಅದರ ವಾಸನೆ ಹಿಡಿಯುವ ಸಲಾಕೆಯೊಂದನ್ನು ಬೆಂಕಿ ಆರಿಸುವ ತಂಡದ ನಾವು ಹೊಸದಾಗಿ ಮಾಡಿದ್ದೆವು.

ಕುರಿ ಸಾಕುವ ಈರಮ್ಮನ ಶೇಂಗಾ ಹೊಟ್ಟಿನ ಬಣವೆ ಅಲ್ಲೇ ಇತ್ತು. ಬೇಸಿಗೆಗೆ ಅವಳ ಕುರಿಗಳಿಗಿದ್ದ ಮೇವು ಅದೊಂದೇ. ನಾನು ಕೈಮುಗಿದು, ಶಿವನನ್ನು ನೆನೆದು, ನಾಲ್ಕು ಕಡೆ ಸಲಾಕೆ ಚುಚ್ಚಿದೆ. ನಾಲ್ಕೂ ಕಡೆ ಸಲಾಕೆಯ ಹಸಿರು ದೀಪವೇ ಹೊತ್ತಿತು.

"ಬೆಂಕಿ ಇಲ್ಲವ್ವ, ಶಿವನ ದಯೆ," ಎಂದೆ.

"ಶಿವ ಹಂಗಂತಾನ, ನನ್ನ ಅಂಗಾಲು ಬ್ಯಾರೆ ಅಂತೈತಿ," ಎಂದಳು ಬರಿಗಾಲಲ್ಲಿ ನಿಂತಿದ್ದ ಈರಮ್ಮ. ಸಲಾಕೆ ಇಸಿದುಕೊಂಡು ತುದಿ ನೋಡಿದಳು. "ಈ ತೂತು ಯಾತಕ್ಕ, ಸ್ವಾಮೇರ?"

"ಅದರ ಮೂಗವ್ವ."

"ಮೂಗಿನ ತುಂಬ ವಿಭೂತಿ ಮೆತ್ತೀರಿ. ಅದು ವಾಸನಿ ಹೆಂಗ ಹಿಡೀಬೇಕ್ರಿ?"

ಬೆಳಗಿನ ಪೂಜೆಯಲ್ಲಿ ನಾನೇ ಕಲಸಿ ಹಚ್ಚಿದ್ದೆ. ಅವಳು ಸೆರಗಿನಿಂದ ಒರೆಸಿ ಕೊಟ್ಟಳು. ಚುಚ್ಚಿದೆ, ಕೆಂಪು ದೀಪ. ಬಣವೆಗೆ ನಾಲ್ಕೇ ಮಾರು ದೂರ. ನಡುವೆ ಕಾಲುವೆ ತೋಡಿ, ನೀರು ಸುರಿದು ಮೇವು ಉಳಿಸಿಕೊಂಡೆವು.

ಈಗಲೂ ಪೂಜೆ ಮಾಡದೆ ಸಲಾಕೆ ಮುಟ್ಟುವುದಿಲ್ಲ. ವಿಭೂತಿಯನ್ನು ಮಾತ್ರ ಹಿಡಿಕೆಗೆ ಹಚ್ಚುತ್ತೇನೆ. ಶಿವನಿಗೆ ಬೇಸರವಾದಂತಿಲ್ಲ.