ಅತ್ತಮ್ಮ ಬಿಡಿಸಿದ ಗೂಡು

ನಮ್ಮ ಕಡೆ ಸಿಟ್ಟು ನೆತ್ತಿಗೇರಿದರೆ "ಎಕ್ಕುಟ್ಟೋಗ್ಲಿ" ಅಂತಾರೆ. ಮನೆ ಹಾಳಾಗಿ ಎಕ್ಕದ ಗಿಡ ಹುಟ್ಟಲಿ ಅನ್ನುವ ಶಾಪ. ಅಂಥ ಎಕ್ಕವನ್ನು ಮಾಲೂರಿನ ನಮ್ಮ ಮನೆಯ ಗೇಟಿನ ಪಕ್ಕದಲ್ಲೇ ನಾನು ಬೇಕೆಂದು ನೆಟ್ಟೆ. ಜೊತೆಗೆ ತುಂಬೆ, ತಂಗಡಿ, ಲಕ್ಕಿ. ಎಲ್ಲವೂ ಟೇಕಲ್ ಬೆಟ್ಟದ ಬುಡದಲ್ಲಿ ಯಾರೂ ನೀರು ಹಾಕದೆ ಬೆಳೆಯುವಂಥವು. ಮೊದಲು ಅಲ್ಲಿ ಹುಲ್ಲುಹಾಸಿತ್ತು. ಎಷ್ಟು ನೀರು ಕುಡಿದರೂ ಒಂದು ಚಿಟ್ಟೆಯನ್ನೂ ಕರೆದು ಕೂರಿಸಿದ್ದಿಲ್ಲ. ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುವ ಆಪಾ, "ಏನ್ ಮೇಡಂ, ಇಷ್ಟು ಚೆಂದದ ಮನೆ ಕಟ್ಟಿ ಮುಂದೆ ಬೇಲಿ ಗಿಡ ಸಾಕ್ತೀರಲ್ಲಾ" ಎಂದು ನಕ್ಕರು.

ಆ ವರ್ಷವೇ ನನ್ನ ಅತ್ತೆ ಬೈರಕೂರಿನ ಕಡೆಯಿಂದ ನಮ್ಮಲ್ಲಿಗೆ ಬಂದರು. ಮದುವೆಯಾದಾಗಿನಿಂದ ರೇಷ್ಮೆ ಹುಳ ಸಾಕಿದವರು. ಕಾಲಿನ ಮಂಡಿ ಕೈಕೊಟ್ಟ ಮೇಲೆ ಸಾಕಣೆ ನಿಂತಿತು, ಮೈದುನ ಹಿಪ್ಪುನೇರಳೆ ಕಿತ್ತು ಟೊಮೇಟೊ ಹಾಕಿದ. ಬರುವಾಗ ಒಂದು ಚಂದ್ರಿಕೆ ತಂದಿದ್ದರು, ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. "ಸಂಡಿಗೆ ಒಣಗಿಸೋಕಾಯ್ತದೆ" ಅಂದರು. ಆಮೇಲೆ ಅವರ ಮಾತೇ ನಿಂತುಹೋಯಿತು. ಕೈಗೆ ಕೆಲಸವಿಲ್ಲದೆ ಸೊರಗುವ ಅವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಗೇಟಿನ ಹತ್ತಿರದಿಂದ ಕೂಗಿದರು. "ಬಾಮ್ಮಾ ಇಲ್ಲಿ, ಹುಳ ಬಿದ್ದವೆ!"

ಎಕ್ಕದ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು. ಅಂದಿನಿಂದ ಅತ್ತಮ್ಮ ಸ್ಟೂಲ್ ಹಾಕಿಕೊಂಡು ಅಲ್ಲೇ ಕೂತರು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಂಕಾಗುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. "ಇದು ಜ್ವರಕ್ಕೆ ಕೂತದೆ, ಮುಟ್ಬೇಡ" ಎಂದು ನನ್ನನ್ನೇ ಗದರಿದರು. ನಾನು ಪಾಠ ಮುಗಿಸಿ ಶಾಲೆಯಿಂದ ಬರುವಷ್ಟರಲ್ಲಿ ಅವರ ವರದಿ ತಯಾರಿರುತ್ತಿತ್ತು. "ಗೂಡು ಯಾವಾಗ ಕಟ್ತವೋ" ಎಂದು ನಾನು ದಿನಾ ಹಂಬಲಿಸುತ್ತಿದ್ದೆ. ಕಟ್ಟಿದ ಮೇಲೆ ಏನು ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಹುಳಗಳು ಎಲೆಯಡಿ ತಲೆಕೆಳಗಾಗಿ ಜೋತುಬಿದ್ದು ಹಸಿರು ಗೂಡಾದವು, ಚಿನ್ನದ ಚುಕ್ಕೆಯಿಟ್ಟ ಲೋಲಾಕಿನ ಹಾಗೆ. ಆರನೇ ದಿನ ಶಾಲೆಯಿಂದ ಬಂದು ನೋಡುತ್ತೇನೆ, ಗಿಡದಲ್ಲಿ ಒಂದೂ ಇಲ್ಲ. ಅತ್ತಮ್ಮ ಮಂಕರಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಾ ಬಿಡಿಸಿಟ್ಟೀನಿ. ಇನ್ನೊಂದೆರಡು ದಿನ ಬಿಟ್ಟಿದ್ರೆ ಚಿಟ್ಟೆ ತೂತು ಮಾಡ್ಕೊಂಡು ಹೋಗ್ಬಿಡ್ತಿತ್ತು."

ನನ್ನ ಬಾಯಿ ಮೊದಲೇ ಸರಿಯಿಲ್ಲ. "ಹೋಗ್ಲಿ ಅಂತಾನೇ ಅಲ್ವಾ ಅತ್ತಮ್ಮ ನಾನು ಕಾದಿದ್ದು! ಎಲ್ಲಾ ಕೊಂದುಬಿಟ್ರಲ್ಲ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವರು ಮಂಕರಿಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ರೇಷ್ಮೆ ಗೂಡನ್ನು ಐದಾರು ದಿನಕ್ಕೆ ಬಿಡಿಸಿ ಮಾರ್ಕೆಟ್ಟಿಗೆ ಒಯ್ಯಬೇಕು, ಅಲ್ಲಿಂದ ಅದು ಬಿಸಿನೀರಿಗೆ. ಚಿಟ್ಟೆ ಹೊರಗೆ ಬಂದರೆ ನೂಲು ಹಾಳು. ಅತ್ತಮ್ಮ ಜನ್ಮವಿಡೀ ಮಾಡಿದ್ದನ್ನೇ ಇಲ್ಲೂ ನನಗಾಗಿ ಮಾಡಿದ್ದರು. ಇದು ಹೊಳೆಯುವ ಹೊತ್ತಿಗೆ ನಾನು ಆಡಿಯಾಗಿತ್ತು.

ಕೂಗು ಕೇಳಿ ಆಪಾ ದಾರದ ಉಂಡೆಯೊಂದಿಗೆ ಬಂದರು. "ಬೈದಿದ್ದು ಸಾಕು ಮೇಡಂ. ಜೀವ ಇದೆಯಾ ನೋಡಿ, ಕಟ್ಟಿ ನೇತುಹಾಕೋಣ." ಹನ್ನೊಂದರಲ್ಲಿ ಮೂರು ಜಜ್ಜಿಹೋಗಿದ್ದವು. ಉಳಿದವುಗಳ ತುದಿಯ ಎಳೆಗೆ ದಾರ ಕಟ್ಟಲು ಹೋದರೆ ನನ್ನ ಗಂಟು ಕೂರಲೇ ಇಲ್ಲ. ಆಗ ಅತ್ತಮ್ಮ ಚಂದ್ರಿಕೆ ಎಳೆದುಕೊಂಡು ಬಂದು ವರಾಂಡದಲ್ಲಿ ಒರಗಿಸಿದರು. ನನ್ನ ಕೈಯಿಂದ ದಾರ ತಗೊಂಡು ಎಂಟನ್ನೂ ಒಂದೊಂದಾಗಿ ಕಟ್ಟಿದರು. ನನ್ನ ಮುಖ ನೋಡಲಿಲ್ಲ.

"ತಪ್ಪಾಯ್ತು ಅತ್ತಮ್ಮ" ಅಂದೆ. "ಬಿಡಮ್ಮ" ಅಂದರು, ಅಷ್ಟೇ. ನಾಲ್ಕನೆಯ ದಿನ ಗೂಡುಗಳು ಕಪ್ಪಿಟ್ಟವು. "ಒಳಗೇ ಕೊಳೀತು" ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡಾಗ ನನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತು.

ಮಾರನೆಯ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. "ಬಾಮ್ಮಾ" ಎಂದ ಧ್ವನಿ ಕೇಳಿ ಓಡಿದೆ. ಖಾಲಿ ಸಿಪ್ಪೆ ಹಿಡಿದು, ಒದ್ದೆ ಮುದುರಿದ ರೆಕ್ಕೆಯ ಚಿಟ್ಟೆಯೊಂದು ನೇತಾಡುತ್ತಿತ್ತು. ರೆಕ್ಕೆ ನಿಧಾನವಾಗಿ ಬಿಚ್ಚಿ ಕಿತ್ತಳೆ ಬಣ್ಣ ಕಂಡಿತು. ಗೂಡು ಕಪ್ಪಿಟ್ಟದ್ದು ಕೊಳೆತು ಅಲ್ಲ, ಒಳಗೆ ರೆಕ್ಕೆ ಬಲಿತು. ಒಳಗೆ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು, ಇಬ್ಬರೂ ಕದಲಲಿಲ್ಲ. ಎಷ್ಟೋ ಹೊತ್ತಿಗೆ ಅದು ಅತ್ತಮ್ಮನ ಬೆರಳು ಹತ್ತಿತು, ಅಲ್ಲಿಂದ ಎದ್ದು ತಂಗಡಿಯ ಮೇಲೆ ಹಾದು ಕಾಂಪೌಂಡ್ ದಾಟಿತು.

ಅವರು ಕೈಯನ್ನು ಹಾಗೇ ಚಾಚಿಕೊಂಡಿದ್ದರು. "ಎಷ್ಟು ಬೆಳೆ ತೆಗೆದೆ, ಎಷ್ಟು ಗೂಡು ಬಿಡಿಸ್ದೆ. ನನ್ನ ಕೈಯಿಂದ ಹಾರಿದ್ದು ಇದೊಂದೇ ಕಣಮ್ಮ."

ನನಗೆ ಅಳು ಬಂತು. ಅವರು ಇನ್ನೂ ಕಪ್ಪಗೆ ತೂಗುತ್ತಿದ್ದ ಏಳನ್ನು ನೋಡಿದರು, ಆಮೇಲೆ ನನ್ನನ್ನು.

"ಇವತ್ತು ಸ್ಕೂಲಿಗೆ ರಜಾ ಹಾಕ್ತೀಯಾ?"

ಹಾಕಿದೆ.