ಬಾತಿನ ಕಾಲು ತೊಳೆದ ಮಚ್ಚೇಂದ್ರ

ಘಾಟಬೋರಾಳದ ಮಚ್ಚೇಂದ್ರನ ಮನೆಗೆ ಯಾರೇ ಬರಲಿ, ಕಾಲಿಗೆ ನೀರು ಕೊಡದೆ ಒಳಗೆ ಕರೆಯುವ ಪದ್ಧತಿಯಿಲ್ಲ. ದನದ ಡಾಕ್ಟರಿಗೂ ಅದೇ, ವೋಟು ಕೇಳಲು ಬಂದವರಿಗೂ ಅದೇ. ಹೆಂಡತಿ ಮೀರಾಬಾಯಿ ಹೊಸ್ತಿಲಲ್ಲಿ ಪರಾತವೆಂಬ ಅಗಲ ತಟ್ಟೆ ಇಟ್ಟು ಚೊಂಬು ಹಿಡಿದು ನಿಂತಳೆಂದರೆ ಮುಗಿಯಿತು, ಅದರಲ್ಲಿ ಕಾಲಿಟ್ಟು ತೊಳೆಯಲೇಬೇಕು.

ಇಂಥವನ ಮೇಲೆ ಕಳ್ಳತನದ ಮಾತು ಬಂತು ನೋಡಿ! ಊರ ಕೆರೆಯ ಹೂವಿನ ಗುತ್ತಿಗೆ ನಾಗನಾಥರದು. ಅಲ್ಲಿಯ ನೈದಿಲೆ ದಿನಾ ಬೆಳಿಗ್ಗೆ ಆಟೊ ಹತ್ತಿ ಮಾಣಿಕನಗರದ ಅಂಗಡಿಗೆ ಹೋಗುತ್ತದೆ. ಹನ್ನೆರಡು ವರ್ಷದಿಂದ ಕೆರೆ ಕಾಯುವವನು ಮಚ್ಚೇಂದ್ರ. ಈ ಸಲ ಅವನ ಹೊಲದ ಕೃಷಿ ಹೊಂಡದಲ್ಲೂ, ಯಾರೂ ನೆಡದೆ, ನೈದಿಲೆ ಅರಳಿಬಿಟ್ಟಿತು.

“ಕೆರೀ ಗಡ್ಡಿ ಕದ್ದು ನಿನ್ನ ಹೊಂಡದಾಗ ಹಚ್ಚೀದಿ,” ಎಂದರು ನಾಗನಾಥರು, ಚಾವಡಿಯಲ್ಲಿ ಪಂಚರ ಎದುರಿಗೆ.

“ಇಲ್ರಿ ಮಾಲಕ್ರ, ಹಕ್ಕಿ ತಂದಾವ್ರಿ,” ಎಂದ ಮಚ್ಚೇಂದ್ರ.

“ಹಕ್ಕಿ ಏನು ಚೀಲ ಹೊತ್ಕೊಂಡು ಬರ್ತಾವೇನೊ?”

ಎಲ್ಲರೂ ನಕ್ಕರು. ಮುಂದಿನ ಅಮಾವಾಸ್ಯೆಯೊಳಗೆ ಸಾಬೀತು ಮಾಡು, ಇಲ್ಲವಾದರೆ ಕಾವಲು ಬಿಡು ಎಂದು ಪಂಚರು ಗಡುವು ಕೊಟ್ಟರು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಕಳ್ಳನೆಂಬ ಹೆಸರು ಹತ್ತಿದರೆ ಉಜ್ಜಿದರೂ ಹೋಗುವುದಿಲ್ಲ.

ಮರುದಿನ ಕೆರೆಯಲ್ಲಿ ಹಾಕಿದ್ದ ಮೀನಿನ ಬಲೆಯಲ್ಲಿ ಒಂದು ಕಾಡುಬಾತು ಸಿಕ್ಕಿಕೊಂಡಿತ್ತು. ಬಿಡಿಸಿ, ಕಂಬಳಿಯಲ್ಲಿ ಸುತ್ತಿ ಮನೆಗೆ ತಂದ. ಮೀರಾಬಾಯಿ ಹಣೆ ಚಚ್ಚಿಕೊಂಡಳು. ಆದರೂ, “ಬಂದವರು ಬಂದವರೇ ಬಿಡ್ರಿ,” ಎಂದು ಪರಾತ ಇಟ್ಟಳು. ಅತಿಥಿ ಮಾತ್ರ ಮಚ್ಚೇಂದ್ರನ ಹೆಬ್ಬೆರಳು ಕಚ್ಚಿತು. ಕಾಲು ತೊಳೆದ ಕೆಸರು ನೀರನ್ನು ಡಬರಿ ಪಾತ್ರೆಗೆ ಸುರಿದು, ಹೊರಗಿನದೇನೂ ಬೀಳದಂತೆ ಮೇಲೆ ಸೀರೆಯ ತುಂಡು ಬಿಗಿದು ಕಟ್ಟಿದ. ಬಾತು ಬಸವಕಲ್ಯಾಣದ ದಿಕ್ಕಿಗೆ ಹಾರಿಹೋಯಿತು.

ನಾಲ್ಕನೆಯ ದಿನ ನಾಗನಾಥರು ಕೆರೆಯಲ್ಲಿ ಹೂವು ಕೀಳಿಸಿ ನೇರ ಅವನ ಮನೆಗೇ ಬಂದರು. ಮೊಣಕಾಲ ತನಕ ಕೆಸರು.

“ಬಾತಿನ ಪಾದಪೂಜಿ ಮಾಡಾಕತ್ತೀ ಅಂತಲ್ಲೊ! ತೋರಿಸು, ನಾನೂ ನೋಡ್ತೀನಿ.”

ಮೀರಾಬಾಯಿ ಪರಾತ ಇಟ್ಟಳು. ಮಾಲೀಕರಾದರೇನು, ಕಾಲು ತೊಳೆಯಲೇಬೇಕಾಯಿತು. ಅವರು ಹೋದ ಮೇಲೆ ಆ ನೀರನ್ನು ಕರಿಬೇವಿಗೆ ಸುರಿಯಲು ಹೊರಟವಳ ಕೈಯನ್ನು ಮಚ್ಚೇಂದ್ರ ಗಪ್ಪನೆ ಹಿಡಿದ. ಅದೂ ಇನ್ನೊಂದು ಡಬರಿ ಸೇರಿತು, ಅದಕ್ಕೂ ಸೀರೆಯ ತುಂಡು ಬಂತು.

ಅಮಾವಾಸ್ಯೆಯ ದಿನ ಚಾವಡಿಯಲ್ಲಿ ಎರಡೂ ಡಬರಿ ಬಿಚ್ಚಿದರು. ಎರಡರಲ್ಲೂ ಸೂಜಿಯಂಥ ಹಸಿರು ಮೊಳಕೆ, ಹೆಸರುಕಾಳಿನಷ್ಟು ಬಸವನಹುಳು. ಪಂಚರಲ್ಲಿ ಹಿರಿಯರಾದ ಯಶೋದಾಬಾಯಿ ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಹೌದಪ್ಪ, ನೈದಿಲಿ ಬೀಜ ಹಕ್ಕಿ ಕಾಲಾಗ ಬರ್ತಾವ. ಇನ್ನೊಂದು ಡಬರಿ ಯಾ ಬಾತಿಂದೊ?”

“ಅದು ಮಾಲಕರದ್ರಿ,” ಎಂದ ಮಚ್ಚೇಂದ್ರ, ಕೈಮುಗಿದು.

ಚಾವಡಿ ಬಿದ್ದು ಬಿದ್ದು ನಕ್ಕಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾಗನಾಥರು ಕಾಲು ನೋಡಿಕೊಂಡರು.

“ನಾ ಏನೂ ಕದ್ದಿಲ್ಲ! ಕಾಲಿಗೆ ಹತ್ತಿ ಬಂದಾವ, ನನಗೇನು ಗೊತ್ತು?” ಎಂದು ಚೀರಿದರು.

“ಬಾತೂ ಅದನ್ನೇ ಹೇಳಾಕತ್ತಿತ್ರಿ, ಮಾಲಕ್ರ,” ಎಂದ ಮಚ್ಚೇಂದ್ರ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂತು.