ಎದುರುಮನೆಯ ಟೀಚರ್ ಮತ್ತು ಬಾರದ ಕಳ್ಳ

ಜಕ್ಕೂರಿನ ಹಳೇ ಊರಿನ ನಮ್ಮ ಬೀದಿಯಲ್ಲಿ ಹಾಡಹಗಲೇ ಒಂದು ಮನೆಯ ಬೀಗ ಒಡೆದರು. ಆಮೇಲೆ ಪೊಲೀಸರು ಶಾಮಿಯಾನ ಹಾಕಿಸಿ ಅಪರಾಧ ತಡೆಯ ಸಭೆ ನಡೆಸಿದರು. ಕಳ್ಳನನ್ನು ಹಿಡಿಯುವುದು ಇಲಾಖೆಯ ಕೆಲಸ, ಕಳ್ಳತನ ಆಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ ಎಂದು ಸಬ್‌ಇನ್ಸ್‌ಪೆಕ್ಟರ್ ಪಾಲು ಹಂಚಿದರು. ಕಳ್ಳ ಕೊನೆಗೂ ಸಿಗಲಿಲ್ಲ. ನಮ್ಮ ಪಾಲಿನ ಕೆಲಸವನ್ನಂತೂ ನಾವು ಬೇಕಾದ್ದಕ್ಕಿಂತ ಹೆಚ್ಚೇ ಮಾಡಿದೆವು.

"ಬಾಗ್ಲಲ್ಲಿ ರಂಗೋಲಿ ಇಲ್ದಿದ್ರೆ ಮನೇಲಿ ಯಾರೂ ಇಲ್ಲ ಅಂತ ಕಳ್ಳಂಗೆ ಗೊತ್ತಾಗ್ಬಿಡತ್ತೆ. ಒಬ್ರೇ ಇರೋ ಹೆಂಗಸ್ರು ಹೊರಗಡೆ ಗಂಡಸ್ರ ಚಪ್ಪಲಿ ಬಿಡಿ, ಜೋರಾಗಿ ಟಿವಿ ಹಾಕಿಡಿ," ಎಂದು ಅದೇ ಸಭೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಉಪಾಯವನ್ನೂ ಹೇಳಿಕೊಟ್ಟಿದ್ದರು.

ಎದುರುಮನೆಯ ಟೀಚರ್ ಇದನ್ನು ಮೊದಲ ಬೆಂಚಿನ ಹುಡುಗಿಯಂತೆ ಕೇಳಿಸಿಕೊಂಡರು. ಮದುವೆಯಾಗದೆ ಒಬ್ಬರೇ ಇದ್ದವರು; ಅದು ಕಳ್ಳನಿಗೆ ಎಲ್ಲಿ ತಿಳಿದುಬಿಡುತ್ತದೋ ಎಂಬ ಭಯ ಅವರನ್ನು ಬಿಟ್ಟಿರಲಿಲ್ಲ. ಮಾರನೆಯ ದಿನವೇ ಬಾಗಿಲ ಮುಂದೆ ಆಯಿಲ್ ಪೇಂಟಿನ ರಂಗೋಲಿ ಬಂತು. ನಮ್ಮಪ್ಪನ ಸವೆದ ಚಪ್ಪಲಿ ಅಲ್ಲಿಗೆ ವರ್ಗವಾಯಿತು. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ. ಟಿವಿ ಬೆಳಗಿನ ಭವಿಷ್ಯದಿಂದ ರಾತ್ರಿಯ ಧಾರಾವಾಹಿಯವರೆಗೆ ಅರಚುತ್ತಿತ್ತು. ಗಸ್ತಿಗೆ ಬರುವ ಕಾನ್‌ಸ್ಟೇಬಲ್ಲು, "ಮನೆ ಅಂದ್ರೆ ಹಿಂಗಿರ್ಬೇಕು ಕಣ್ರೀ," ಎಂದು ನಮ್ಮನ್ನೆಲ್ಲ ಕರೆದು ತೋರಿಸುತ್ತಿದ್ದರು.

ಮೊದಲೆಲ್ಲ ಯಾರದಾದರೂ ಬಾಗಿಲು ಬರಿದಾಗಿ ಕಂಡರೆ ಅಮ್ಮ ಕಾಫಿ ಲೋಟ ಹಿಡಿದುಕೊಂಡೇ ಹೋಗಿ, "ಯಾಕ್ರೀ, ಮೈ ಹುಷಾರಿಲ್ವಾ?" ಎಂದು ವಿಚಾರಿಸುತ್ತಿದ್ದರು. ಬೀದಿಗೆ ಬೀದಿಯೇ ಪೇಂಟ್ ಬಳಿದುಕೊಂಡ ಮೇಲೆ ಆ ಕೆಲಸವೂ ತಪ್ಪಿತು.

ಒಂದು ಭಾನುವಾರ ಬೆಳಗ್ಗೆ ಟೀಚರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೊಬೈಲು ಹಾಲ್‌ನಲ್ಲಿ ಚಾರ್ಜಿಗೆ ಇತ್ತು. ನಾವು ದಿನವಿಡೀ ಎದುರಿಗೇ ಇದ್ದೆವು. ರಂಗೋಲಿ ಇದೆ, ಚಪ್ಪಲಿ ಇದೆ, ಟಿವಿ ಹಾಡುತ್ತಿದೆ, ಟೀಚರ್ ಆರಾಮಾಗಿದ್ದಾರೆ. ಸಂಜೆ ಕರೆಂಟು ಹೋಗಿ ಟಿವಿ ಬಾಯಿ ಮುಚ್ಚಿದಾಗಲೇ ಒಳಗಿನಿಂದ ನರಳುವ ದನಿ ಕೇಳಿಸಿದ್ದು.

ಆ ಅಡ್ಡಪಟ್ಟಿ ಮುರಿಯುವಷ್ಟರಲ್ಲಿ ನಾವು ಓಡಿಹೋಗಿ ಕರೆತಂದ ಬಡಗಿಯೂ ಕಾನ್‌ಸ್ಟೇಬಲ್ಲೂ ಬೆವತು ನೀರಾದರು. ಒಳಗೆ ಹೋದ ಕಾನ್‌ಸ್ಟೇಬಲ್ ತಮಗೆ ತಿಳಿದಂತೆ ಧೈರ್ಯ ಹೇಳಿದರು: "ಹೆದರ್ಕೋಬೇಡಿ ಮೇಡಂ. ಏನ್ ಬಂದೋಬಸ್ತು ಮಾಡಿದೀರಾ! ಎಂಥ ಕಳ್ಳನೂ ಒಳಗೆ ಬರೋಕಾಗ್ತಿರ್ಲಿಲ್ಲ."

ಟೀಚರ್ ಅಮ್ಮನ ಕೈ ಹಿಡಿದುಕೊಂಡು ಅಳುತ್ತಿದ್ದರು. "ಬೆಳಗ್ಗಿಂದ ಕಳ್ಳನಾದ್ರೂ ಬರ್ಲಿ ದೇವ್ರೇ ಅಂತ ಬಿದ್ಕೊಂಡಿದ್ದೆ ಕಣಪ್ಪಾ," ಎಂದರು.